ಎಡಗಡೆ ಕೇಳಿಸದ ಹೆಡ್‌ಫೋನು

ನನ್ನ ಬಾಯಿ ಜೋರು. ಇದನ್ನ ನಾನಾಗಿ ಹೇಳ್ಕೊಳ್ಳೋದೇ ಬೇಡ, ಕೆಸರೆಯ ನಮ್ಮ ಬೀದಿಯಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ತರಕಾರಿ ಗಾಡಿಯವನು ಊರೆಲ್ಲ ಹೇಗೇ ತೂಗಲಿ, ನಮ್ಮ ಮನೆ ಮುಂದೆ ಮಾತ್ರ ತಕ್ಕಡಿ ನೆಟ್ಟಗೆ ಹಿಡೀತಿದ್ದ. ನಮ್ಮನೆಯವರು ಇದಕ್ಕೆ ತದ್ವಿರುದ್ಧ. ಹಾಲಿಗೆ ನೀರು ಬೆರೆಸಿದ್ದರೆ, "ಬೇಸಿಗೆ ಅಲ್ವೇನೇ, ಹಸೂಗೂ ಬಾಯಾರಿರುತ್ತೆ ಬುಡು" ಅನ್ನೋ ಪೈಕಿ. ಹಾಗಾಗಿ ಅಂಗಡಿಯಿಂದ ತಂದ ಸಾಮಾನು ಕೆಟ್ಟಿದ್ದರೆ ವಾಪಸ್ ಕೊಡೋ ಕೆಲಸ ನನ್ನ ಪಾಲಿಗೇ ಬರೋದು. ಹೆಡ್‌ಫೋನ್ ವಾಪಸ್ ಕೊಡೋಕೆ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಜಗಳ ಆಡಿದವಳೂ ನಾನೇ.

ತೊಂಬತ್ತರ ದಶಕವೆಲ್ಲ ಅವರು ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ದರು. ಹಗಲು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ, ಸಂಜೆಯಾದರೆ ಮದುವೆ ಆರತಕ್ಷತೆ, ಗಣೇಶನ ಪೆಂಡಾಲು, ದಸರಾ ಬಂತೆಂದರೆ ಬೀದಿಗೊಂದು ಕಾರ್ಯಕ್ರಮ. ವೇದಿಕೆ ಮೇಲೆ ಅವರ ಜಾಗ ಯಾವತ್ತೂ ಬದಲಾಗಲಿಲ್ಲ. ಎಡಕ್ಕೆ ಡ್ರಮ್ಮಿನವನು, ಅವನ ಹಿಂದೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಡ್ರಮ್ಮಿನವನು ಹಿತ್ತಾಳೆ ತಟ್ಟೆಗೆ ಒಂದು ಬಿಟ್ಟನೆಂದರೆ ದೂರದಲ್ಲಿ ಕೂತ ನನ್ನ ಎದೆ ಧಸಕ್ ಅಂತಿತ್ತು. ಇವರು ತಲೆ ಅಲ್ಲಾಡಿಸಿಕೊಂಡು ನಗ್ತಾ ನುಡಿಸೋರು. ಮನೆಗೆ ಬಂದ ಮೇಲೆ, "ಬೇರೆಯವರ ಹಾಡು ನುಡಿಸಿ ನುಡಿಸಿ ಸಾಕಾಗೋಗಿದೆ ಕಣೇ" ಅನ್ನೋರು.

ಆಮೇಲೆ ಆರ್ಕೆಸ್ಟ್ರಾದವರನ್ನ ಕರೆಯೋರು ಕಡಮೆಯಾದರು. ಸಿ.ಡಿ. ಹಾಕಿ ಕುಣಿಯೋ ಕಾಲ ಬಂತು. ತಂಡ ಚದುರಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇವರು ಒಂದು ಜೋಡಿಸಿದ ಕಂಪ್ಯೂಟರ್ ತಂದು ಮಲಗೋ ಕೋಣೆಯಲ್ಲಿ ಇಟ್ಟರು. ಮನೆಯಲ್ಲೇ ರೆಕಾರ್ಡಿಂಗ್ ಮಾಡ್ತಾರಂತೆ! ನಮ್ಮ ಅವ್ವ ಹೊಲಿದ ಕೌದಿಗಳನ್ನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರು. ನನ್ನ ರಾಗಿ ಜರಡಿಯ ಬಲೆ ಕಿತ್ತು, ಉಳಿದ ಬಳೆಗೆ ಕಾಲುಚೀಲದಂಥ ಒಂದು ತೆಳು ಬಟ್ಟೆ ಬಿಗಿದು, ಹಾಡೋರ ಉಸಿರು ತಾಗಬಾರದು ಅಂತ ಮೈಕಿನ ಮುಂದೆ ಕಟ್ಟಿದರು. "ಜರಡಿ ಹಾಳಾಯ್ತಲ್ಲ ನನ್ನ ಸ್ವಾಮಿ, ಇನ್ನು ಹಿಟ್ಟು ನಿಮ್ಮ ತಲೆ ಮೇಲೆ ಜರಡಿ ಹಿಡೀಲಾ?" ಅಂತ ಬೈದೆ. ಅವರು ನಕ್ಕರು ಅಷ್ಟೆ.

ಹಾಡೋಳು ಯಾರು ಅಂದ್ರೆ, ನಾನು. ಬೀದಿಯಲ್ಲಿ ಯಾರ ಮನೆ ನಾಮಕರಣವಾದರೂ ತೊಟ್ಟಿಲ ಪದಕ್ಕೆ ನನ್ನನ್ನೇ ಕರೀತಿದ್ದರು. ಅವೆಲ್ಲ ನಮ್ಮವ್ವನಿಂದ ಬಾಯಿಗೆ ಬಂದ ಪದಗಳು. ನಮ್ಮ ಮನೆಯಲ್ಲಿ ಮಾತ್ರ ತೊಟ್ಟಿಲು ಕಟ್ಟೋ ಭಾಗ್ಯ ಬರಲಿಲ್ಲ. ಅದರ ದುಃಖ ನನಗೆ ಇದ್ದೇ ಇತ್ತು, ಅವರಿಗೂ ಇತ್ತು, ಇಬ್ಬರೂ ಆಡ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವರೇ ಹೇಳಿದರು. "ನೀನು ಹಾಡು, ನಾನು ನುಡಿಸ್ತೀನಿ. ನಮ್ಮಿಬ್ಬರದು ಅಂತ ಒಂದೇ ಒಂದು ಸಿ.ಡಿ. ಆಗಲಿ ಕಣೇ. ನಮ್ಮ ಹಿಂದೆ ಅದಾದ್ರೂ ಉಳಿಯುತ್ತೆ." ನಾನು ಸಾರು ಬಡಿಸೋ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಶುರುವಿನಲ್ಲೇ ತೊಡಕು ಬಂತು. ಅವರು ಕೀಬೋರ್ಡಿನಲ್ಲಿ ಮೊದಲೇ ನುಡಿಸಿಟ್ಟ ಹಾರ್ಮೋನಿಯಂ ಕೇಳಿಕೊಂಡು ನಾನು ಹಾಡಬೇಕು, ಮೈಕಿಗೆ ನನ್ನ ದನಿ ಮಾತ್ರ ಬೀಳಬೇಕು. ಮನೆಯಲ್ಲಿದ್ದದ್ದು ವಾಕ್‌ಮನ್‌ನ ಜೊತೆ ಬಂದಿದ್ದ ಸ್ಪಂಜಿನ ಹೆಡ್‌ಫೋನು. ಅದರಿಂದ ಹಾರ್ಮೋನಿಯಂ ಹೊರಗೆ ಸೋರಿ ಮೈಕಿಗೆ ಬೀಳೋದು. ಬೆನ್ನಿನಲ್ಲಿ ತೂತು ತೂತಿರೋ ಇನ್ನೊಂದನ್ನ ಯಾರ ಹತ್ತಿರವೋ ಕೇಳಿ ತಂದರು. ಕೇಳೋಕೆ ಹಿತವಾಗಿತ್ತು, ಗಾಳಿಯಾಡೋ ಮನೆಯಲ್ಲಿ ಕೂತ ಹಾಗೆ. ಆದರೆ ಅದೂ ಸೋರ್ತಿತ್ತು. "ಹಿಂದೆ ಪೂರ್ತಿ ಮುಚ್ಚಿರೋದೇ ಬೇಕು. ಕಿವಿ ಇಡಿಯಾಗಿ ಒಳಗೆ ಕೂರಬೇಕು, ಒತ್ತಬಾರದು, ಒಳಗಿನ ಸದ್ದು ಹೊರಗೆ ಹೋಗಬಾರದು, ಹೊರಗಿನ ಕುಕ್ಕರ್ ಸೀಟಿ ಒಳಗೆ ಬರಬಾರದು" ಅಂದರು. ಇನ್ನೂ ಒಂದು ಮಾತು ಹೇಳಿದರು. "ಕೆಲವು ಹೆಡ್‌ಫೋನು ಮದುವೆ ಮನೆ ಬಡಿಸೋರ ಥರ, ಎಲ್ಲಕ್ಕೂ ಒಂದಿಷ್ಟು ಸಿಹಿ ಸುರಿದು ಬಡಿಸ್ತವೆ. ನಮಗೆ ಅದು ಬೇಡ. ಉಪ್ಪು ಕಡಮೆ ಇದ್ರೆ ಕಡಮೆ ಅಂತ ಮುಖದ ಮೇಲೆ ಹೇಳಬೇಕು, ನಿನ್ನ ಥರ." ಇವೆಲ್ಲ ಇದ್ದೂ ಅದು ನಮ್ಮ ಕೈಗೆಟುಕಬೇಕು, ಅದು ಬೇರೆ.

ಲಷ್ಕರ್ ಮೊಹಲ್ಲಾದಲ್ಲಿ ಒಂದು ಹಳೇ ಅಂಗಡಿ. ರೇಡಿಯೋ, ಆಂಪ್ಲಿಫೈಯರ್, ಮೈಕು, ಎಲ್ಲ ಇಟ್ಟಿದ್ದರು. ಅಂಗಡಿಯ ಸಾಹೇಬರು ಗಡ್ಡ ನರೆತವರು, ಮಾತು ಮೆತ್ತಗೆ. ನಮ್ಮನೆಯವರು ಅಲ್ಲಿ ಹೆಡ್‌ಫೋನ್ ಪರೀಕ್ಷೆ ಮಾಡೋ ಚೆಂದವನ್ನ ನೋಡಬೇಕಿತ್ತು ನೀವು. ನಮ್ಮದು ಮಠಕ್ಕೆ ನಡಕೊಳ್ಳೋ ಮನೆತನ, ಬೆಳಿಗ್ಗೆ ಹಣೆಗೆ ವಿಭೂತಿ ಎಳೆಯದೆ ಅವರು ಕಾಫಿ ಕೂಡ ಮುಟ್ಟೋರಲ್ಲ. ಒಬ್ಬಳೇ ಹೆಂಗಸು ತಂಬೂರಿ ಜೊತೆ ಹಾಡಿರೋ ಒಂದು ಸಿ.ಡಿ. ಜೇಬಿನಲ್ಲಿಟ್ಟುಕೊಂಡು ಹೋಗೋರು. ಅದನ್ನ ಹಾಕಿಸಿ, ಕಣ್ಣು ಮುಚ್ಚಿ, ದನಿ ತಲೆಯ ಯಾವ ಜಾಗದಲ್ಲಿ ನಿಂತಿದೆ ಅಂತ ಬೆರಳಿಟ್ಟು ತೋರಿಸೋರು. "ಹಾಡೋರ ದನಿ ಎರಡು ಕಿವಿಗೂ ಸಮವಾಗಿ ಬಿದ್ರೆ ಸರಿಯಾಗಿ ಇಲ್ಲಿ ನಿಲ್ಲುತ್ತೆ, ವಿಭೂತಿ ಇಡೋ ಜಾಗದಲ್ಲಿ. ಆ ಕಡೆ ಈ ಕಡೆ ಸರಿದ್ರೆ ಹೆಡ್‌ಫೋನ್ ಸರಿಯಿಲ್ಲ ಅಂತ." ಬೆರಳಿಟ್ಟು ಇಟ್ಟು ವಿಭೂತಿಯೆಲ್ಲ ಕರಿ ಹೆಡ್‌ಫೋನಿಗೆ ಮೆತ್ತಿಕೊಳ್ಳೋದು. ಸಾಹೇಬರು ಬಟ್ಟೆಯಲ್ಲಿ ಒರೆಸಿಡೋರು.

ಹಿಂದೆ ಮುಚ್ಚಿದ, ಮೆತ್ತನೆ ದಿಂಬಿನ ಒಂದನ್ನ ಆರಿಸಿ ತಂದೆವು. ಅಂಗಡಿಯ ಗಲಾಟೆಯಲ್ಲಿ ಸರಿಯಾಗಿದೆ ಅನ್ನಿಸಿದ್ದು ಮನೆಯಲ್ಲಿ ಸರಿ ಬರಲಿಲ್ಲ. ಬೆರಳು ಹಣೆಯ ನಡುವೆ ನಿಲ್ಲದೆ ಬಲಗಡೆಯ ಕಪಾಳಕ್ಕೆ ಜಾರಿತು. "ಎಡಗಡೆ ಸತ್ತಿದೆ ಕಣೇ" ಅಂದರು. ವಾಪಸ್ ಕೊಟ್ಟು ಬೇರೆ ತಂದೆ. ಅದೂ ಹಾಗೇ. ನನಗೆ ಪಿತ್ತ ನೆತ್ತಿಗೇರಿತು. "ಬಡವರು ಅಂದ್ರೆ ಎಲ್ಲರಿಗೂ ಸಸಾರ. ಮೂಲೆಗೆ ಬಿದ್ದಿರೋ ಮಾಲೆಲ್ಲ ನಮಗೇ ತಳ್ತಾವ್ನೆ. ಬನ್ನಿ ನನ್ನ ಜೊತೆ" ಅಂತ ಅವರನ್ನ ಸ್ಕೂಟರ್ ಹತ್ತಿಸಿ, ಹಿಂದೆ ಕೂತು ಹೊರಟೆ.

ಅಂಗಡಿಗೆ ಹೋದವಳೇ ಶುರು ಹಚ್ಚಿಕೊಂಡೆ. "ಏನ್ರೀ ಸಾಹೇಬ್ರೇ, ಎರಡು ಕಿವಿ ಇರೋರಿಗೆ ಒಂದು ಕಿವಿ ಹೆಡ್‌ಫೋನ್ ಮಾರ್ತೀರಲ್ಲ, ಮೇಲಿರೋನು ಮೆಚ್ತಾನಾ?" ಪಕ್ಕದ ಅಂಗಡಿಯವರೂ ಬಂದು ನಿಂತರು. ಸಾಹೇಬರು ಬೇಜಾರು ಮಾಡಿಕೊಳ್ಳದೆ ಹೆಡ್‌ಫೋನನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿ, ತಾವು ಕೇಳಿ, ತಲೆಯಾಡಿಸಿ, ನನ್ನ ಕೈಗೆ ಕೊಟ್ಟರು. "ನೀವೇ ಕೇಳಿಬಿಡಿ ಅಮ್ಮಾ. ನನ್ನ ಮಾತು ಬೇಡ."

ನಾನು ಅಲ್ಲಿಯವರೆಗೆ ಅದನ್ನ ಸರಿಯಾಗಿ ಹಾಕಿಕೊಂಡೇ ಇರಲಿಲ್ಲ. ಹಾಕಿಕೊಂಡೆ. ಬೀದಿಯ ಸದ್ದೆಲ್ಲ ನಿಂತುಹೋಯಿತು. ತಂಬೂರಿ ಬಂತು. ಆಮೇಲೆ ಆ ಹೆಂಗಸಿನ ದನಿ ಬಂದು ಸರಿಯಾಗಿ ನನ್ನ ಹುಬ್ಬುಗಳ ನಡುವೆ, ಕುಂಕುಮ ಇಡೋ ಜಾಗದಲ್ಲಿ ನಿಂತಿತು. ಒಂದು ಎಳೆಯಷ್ಟೂ ಆಚೀಚೆ ಇಲ್ಲ. ನಾನು ಕಣ್ಣು ಬಿಟ್ಟು ನಮ್ಮನೆಯವರ ಕಡೆ ನೋಡಿದೆ. ಅವರು ಅಂಗಡಿ ಮೆಟ್ಟಿಲ ಹತ್ತಿರ ನಿಂತಿದ್ದರು. ಅವರ ಎಡಕ್ಕೆ ಒಂದು ಆಟೋ ಬಂದು, ದಾರಿ ಬಿಡಿ ಅಂತ ಒಂದೇ ಸಮ ಹಾರನ್ ಒತ್ತುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡ ನನಗೂ ಅದು ಸಣ್ಣಗೆ ಕೇಳಿಸ್ತು. ಅವರು ಬಲಗಡೆಗೆ ತಿರುಗಿ, ಹಾರನ್ ಎಲ್ಲಿಂದ ಬಂತು ಅಂತ ಹುಡುಕ್ತಿದ್ದರು.

ಅಯ್ಯೋ ಶಿವನೇ ಅನ್ನಿಸಿತು. ಆ ಒಂದು ಗಳಿಗೆಯಲ್ಲಿ ಎಷ್ಟು ವರ್ಷದ ಜಗಳಗಳು ನೆನಪಾದವು. ಅಡುಗೆಮನೆಯಿಂದ ಕೂಗಿದರೆ ಉತ್ತರ ಇಲ್ಲ. ಬಲಮಗ್ಗುಲಿಗೆ ಮಲಗಿದರೆ ಅಲಾರಂ ಹೊಡೆದರೂ ಏಳೋರಲ್ಲ. "ಹೆಂಡತಿ ಮಾತು ಅಂದ್ರೆ ಗೋಡೆಗೆ ಹೇಳಿದ ಹಾಗೆ ಇವರಿಗೆ" ಅಂತ ಅಕ್ಕಪಕ್ಕದವರ ಹತ್ತಿರ ಆಡಿಕೊಂಡು ನಕ್ಕಿದ್ದೆ. ಸಾಹೇಬರು ನನ್ನ ಮುಖವನ್ನೂ ನೋಡಿದರು, ಮೆಟ್ಟಿಲ ಹತ್ತಿರ ನಿಂತವರನ್ನೂ ನೋಡಿದರು. ನಾನು ಹೆಡ್‌ಫೋನ್ ತೆಗೆದು ಜೋರಾಗಿ, ಎಲ್ಲರಿಗೂ ಕೇಳೋ ಹಾಗೆ, "ಎಡಗಡೆ ಸರಿಯಿಲ್ಲ. ಬೇರೆ ಕೊಡಿ" ಅಂದೆ. ಸಾಹೇಬರು ಒಳಗಿಂದ ಹೊಸ ಡಬ್ಬಿ ತಂದು ಕೊಟ್ಟರು.

ಸ್ಕೂಟರಿನಲ್ಲಿ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ನನ್ನ ಬಾಯಿ ಅವರ ಎಡಗಿವಿ ಪಕ್ಕಕ್ಕೇ ಬರೋದು. ಮದುವೆಯಾದಾಗಿನಿಂದ ನಾನು ಮಾತಾಡಿದ್ದೆಲ್ಲ ಆ ಕಿವಿಗೇ. ಡಬ್ಬಿಯನ್ನ ಮಡಿಲಲ್ಲಿ ಇಟ್ಟುಕೊಂಡು, ಮಾರ್ಕೆಟ್ಟಿನ ಹತ್ತಿರ ದಾಟುವಾಗ, ಪರೀಕ್ಷೆ ಮಾಡೋಣ ಅಂತಲೋ, ಹೇಳದೆ ಇರೋಕೆ ಆಗದೆಯೋ, ಆ ಕಿವಿಗೆ ಬಾಯಿಟ್ಟು ಹೇಳಿದೆ. "ಹೆಡ್‌ಫೋನ್ ಸರಿಯಾಗೇ ಇದೆ ಕಣ್ರೀ. ನಿಮ್ಮ ಕಿವಿ ಹೋಗಿದೆ." ಅವರು ಹಾರನ್ ಮಾಡಿ, ಒಂದು ಬಸ್ಸಿಗೆ ದಾರಿ ಬಿಟ್ಟು, ಮುಂದೆ ಹೋದರು. ನಾನು ಅವರ ಬೆನ್ನಿಗೆ ಹಣೆ ಒತ್ತಿ ಮನೆಯವರೆಗೂ ಅತ್ತೆ. ಇಳಿದಾಗ, ಧೂಳು ಬಿತ್ತು ಅಂದೆ.

ಮಾರನೇ ಬೆಳಿಗ್ಗೆ ಅವರಿಗೇ ಗೊತ್ತಾಯಿತು. ಆರ್ಕೆಸ್ಟ್ರಾದವರು ಹೆಡ್‌ಫೋನಿನ ಎಡ ಬಲ ಗುರುತು ನೋಡದೆ ಹಾಕಿಕೊಳ್ಳೋರಲ್ಲ, ಅದಕ್ಕೇ ಇಷ್ಟು ದಿನ ಅದು ತಿರುಗಿರಲಿಲ್ಲ. ಅವತ್ತು ಪ್ರೆಸ್ಸಿಗೆ ಹೊತ್ತಾಯಿತು ಅಂತ ಅವಸರದಲ್ಲಿ ಹಾಕಿಕೊಂಡಿದ್ದಾರೆ. "ಏನೇ, ಇಲ್ಲಿ ಬಾ" ಅಂದರು. ನಾನು ರೊಟ್ಟಿ ಹಂಚಿನ ಮೇಲೇ ಬಿಟ್ಟು ಹೋದೆ. ಎಡಗಡೆ ನೇತಾಡಬೇಕಾದ ವೈರು ಬಲ ಭುಜದ ಮೇಲಿಂದ ಇಳಿದಿತ್ತು. "ತಿರುವಾಕಿ ಹಾಕ್ಕೊಂಡ್ಬುಟ್ಟಿದೀನಿ. ಹಾಗಿದ್ರೆ ಸತ್ತಿರೋದು ಬಲಗಡೆ ಬರಬೇಕಿತ್ತಲ್ಲ. ಈಗಲೂ ಎಡಗಡೆಯೇ ಕೇಳಿಸ್ತಿಲ್ಲ." ಹೆಡ್‌ಫೋನ್ ತೆಗೆದರು, ನೇರ ಮಾಡಿ ಹಾಕಿಕೊಂಡರು, ಮತ್ತೆ ತಿರುಗಿಸಿ ಹಾಕಿಕೊಂಡರು. ಆಮೇಲೆ ಮೆಲ್ಲಗೆ, "ನಿನಗೆ ನೆನ್ನೆನೇ ಗೊತ್ತಾಯ್ತು ಅಲ್ವಾ?" ಅಂದರು. ನನ್ನ ಬಾಯಿ, ಊರಿಗೆಲ್ಲ ಹೆಸರಾದ ನನ್ನ ಬಾಯಿ, ಅವತ್ತು ಏಳಲಿಲ್ಲ.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡೋ ಕೋಣೆಗೆ ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ. ಅವರನ್ನ ಒಳಗೆ ಕೂರಿಸಿ, ದೊಡ್ಡ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತಿ ಅಂದರು. ನಾನು ಗಾಜಿನ ಈಚೆ ನಿಂತಿದ್ದೆ. ಮೊದಲು ಬಲಗಿವಿ. ಬಲಗೈ ಬೆರಳು ಏಳ್ತಿತ್ತು, ಇಳೀತಿತ್ತು, ಒಂದೊಂದು ಸಲ ತಡವಾಗಿ ಏಳ್ತಿತ್ತು. ಆಮೇಲೆ ಎಡಗಿವಿ. ಪರೀಕ್ಷೆ ಮಾಡೋ ಹುಡುಗಿ ಗುಂಡಿ ತಿರುಗಿಸ್ತಾನೇ ಇದ್ದಳು. ಅವರು ಎಡಗೈಯನ್ನ ತೊಡೆ ಮೇಲೆ ಇಟ್ಟುಕೊಂಡು, ಒಳ್ಳೇ ಮಕ್ಕಳ ಹಾಗೆ ಕಾಯ್ತಾ ಕೂತಿದ್ದರು. ನಾನು ಗಾಜಿನ ಈಚೆಯಿಂದ, ಎತ್ತಿ, ಬೆರಳು ಎತ್ತಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಎತ್ತಲಿಲ್ಲ. ಹೊರಗೆ ಬಂದವರು ಮೊದಲು ಹೇಳಿದ್ದೇನು ಗೊತ್ತೇ? "ಎಂಥಾ ಹೆಡ್‌ಫೋನ್ ಕಣೇ ಅದು. ಹೊರಗಿಂದು ಒಂಚೂರೂ ಒಳಗೆ ಬರಲ್ಲ."

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಎಡಗಿವಿಯ ನರ ಹೆಚ್ಚೂಕಡಮೆ ಹೋಗಿದೆ, ಬಲಗಿವಿಯೂ ಹೋಗೋಕೆ ಶುರುವಾಗಿದೆ, ಜೋರು ಸದ್ದು ಬೇಡ, ಹೆಡ್‌ಫೋನಂತೂ ಬೇಡವೇ ಬೇಡ ಅಂದರು. ಮನೆಗೆ ಬಂದು ನಾನು ಆ ಹೆಡ್‌ಫೋನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದೆ. ಅವರು ಅದನ್ನ ಕೊಡು ಅನ್ನಲಿಲ್ಲ. ಪ್ರೆಸ್ಸಿನಿಂದ ಬಂದು ಕಂಪ್ಯೂಟರ್ ಮುಂದೆ ಕೂರೋರು. ಕೈ ತೊಡೆ ಮೇಲೆ. ಆಸ್ಪತ್ರೆಯ ಕೋಣೆಯಲ್ಲಿ ಕೂತಿದ್ದ ಹಾಗೇ. ನನಗೆ ತಡೆಯೋಕೆ ಆಗಲಿಲ್ಲ. ಒಂದು ಸಂಜೆ ಟ್ರಂಕು ತೆಗೆದು, ಹೆಡ್‌ಫೋನ್ ತಂದು ಅವರ ಮುಂದೆ ಕುಕ್ಕಿದೆ. "ಹಾಳಾಗೋಗಲಿ, ತಗೊಳ್ಳಿ. ಸಣ್ಣಗೆ ಇಟ್ಕೊಂಡು ಕೇಳಬೇಕು. ಜೋರು ಮಾಡಿದ್ರೆ ನೋಡಿ ಮತ್ತೆ!" ಅವರು ನನ್ನ ಕೈ ಹಿಡಿದುಕೊಂಡರು. "ಇರೋವರೆಗೆ ಬಳಸ್ಕೊಂಡ್ಬುಡ್ತೀನಿ ಕಣೇ. ಆಮೇಲೆ ಇಟ್ಕೊಂಡು ಏನ್ ಮಾಡ್ಲಿ?"

ಹಾಡಿದೆ. ಅಕ್ಕಪಕ್ಕದ ಮಿಕ್ಸಿಗಳು ನಿಂತ ಹೊತ್ತು ನೋಡಿಕೊಂಡು, ಕೌದಿಗಳ ನಡುವೆ, ಜರಡಿ ಬಳೆಯ ಮುಂದೆ ನಿಂತು ಹಾಡಿದೆ. ಮಗುವಿಲ್ಲದ ಕೋಣೆಯಲ್ಲಿ ತೊಟ್ಟಿಲ ಪದ ಹಾಡೋದು ಸುಲಭ ಅಲ್ಲ. ಒಂದೆರಡು ಸಲ ದನಿ ಒಡೆಯಿತು. ಅವರು ಮತ್ತೆ ಮೊದಲಿಂದ ಶುರು ಮಾಡೋರು. ಹಾಡಿ ಮುಗಿದ ಮೇಲೆ ದನಿಯನ್ನೂ ಹಾರ್ಮೋನಿಯಮ್ಮನ್ನೂ ಸಮ ಮಾಡೋ ಕೆಲಸ. ಕಣ್ಣು ಮುಚ್ಚಿ, ಹಣೆಯ ಮೇಲೆ ಬೆರಳಿಟ್ಟುಕೊಂಡು, ನನ್ನ ದನಿಯನ್ನ ಅಷ್ಟಷ್ಟೇ ಸರಿಸಿ ಸರಿಸಿ, ಅದು ವಿಭೂತಿಯ ಜಾಗಕ್ಕೆ ಬರೋವರೆಗೆ ಕೂರೋರು. "ನೀನೊಮ್ಮೆ ಕೇಳಿ ಹೇಳು" ಅಂತ ಕರೆದರು. ನನ್ನ ದನಿ ನನಗೇ ಕೇಳೋಕೆ ನಾಚಿಕೆ. ಅದಕ್ಕಿಂತ, ಆ ಹೆಡ್‌ಫೋನ್ ಮತ್ತೆ ಕಿವಿಗೆ ಹಾಕಿಕೊಳ್ಳೋಕೆ ನನಗೆ ಧೈರ್ಯ ಇರಲಿಲ್ಲ. "ನಿಮಗೆ ಸರಿ ಅನ್ಸಿದ್ರೆ ಸರಿ" ಅಂದೆ. ಸಿ.ಡಿ. ಆಯಿತು. ನಮ್ಮ ಒಂದೇ ಸ್ಪೀಕರಿನ ಪುಟ್ಟ ಪ್ಲೇಯರಿನಲ್ಲಿ ಕೇಳಿದಾಗ ಚೆನ್ನಾಗೇ ಇತ್ತು.

ಬಲಗಿವಿ ಒಂದೇ ಸಲ ಹೋಗಲಿಲ್ಲ. ಮೊದಲು ಹಕ್ಕಿ ಸದ್ದು ಹೋಯಿತು, ಆಮೇಲೆ ಫೋನಿನ ಗಂಟೆ, ಆಮೇಲೆ ನಾನು. ಕಿವಿಗೆ ಹಾಕೋ ಮಷೀನು ತಂದೆವು, ಸ್ವಲ್ಪ ದಿನ ಆಯಿತು, ಆಮೇಲೆ ಬರೀ ಗೊರಗೊರ ಅಂತದೆ ಅಂತ ತೆಗೆದಿಟ್ಟರು. ಆಗಿನಿಂದ ಅವರು ನನ್ನ ತುಟಿ ನೋಡಿ ಮಾತು ತಿಳಕೊಳ್ತಿದ್ದರು. ಕೂಗೋದು ಬಿಟ್ಟು ನಾನು ಅವರ ಎದುರಿಗೆ ಬಂದು ನಿಂತು ಮಾತಾಡೋದು ಕಲಿತೆ.

ಆಯುಧಪೂಜೆಗೆ ಪ್ರತಿ ವರ್ಷ ಕಂಪ್ಯೂಟರು, ಕೀಬೋರ್ಡು, ಮೈಕು, ಹೆಡ್‌ಫೋನು, ನನ್ನ ಈಳಿಗೆಮಣೆ, ಸ್ಕೂಟರಿನ ಕೀ, ಎಲ್ಲ ಒರೆಸಿ ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಹೂವಿಡೋದು ಅವರ ಕೆಲಸ. ಬಲಗಿವಿಯೂ ಪೂರ್ತಿ ಹೋದ ವರ್ಷ ಹೂವಿಟ್ಟವರು ಕರ್ಪೂರ ಹಚ್ಚದೆ ಕೂತರು. ಸಿ.ಡಿ. ತೆಗೆದು ಕಂಪ್ಯೂಟರಿಗೆ ಹಾಕಿದರು. ಹೆಡ್‌ಫೋನ್ ಎತ್ತಿ ನನ್ನ ಕೈಗೆ ಕೊಟ್ಟರು. "ಅವತ್ತು ನೀನು ಕೇಳಲಿಲ್ಲ. ಒಂದು ಸಲ ಕೇಳಿ ಹೇಳು. ಸರಿಯಾಗಿ ಕೂತಿದೆಯಾ ಅಂತ ನನಗೆ ಒಂದು ಅನುಮಾನ ಉಳಿದುಬಿಟ್ಟಿದೆ." ತಮ್ಮ ದನಿ ತಮಗೆ ಕೇಳದೆ ಇದ್ದದ್ದರಿಂದ ಅವರು ಅದನ್ನ ಬೀದಿಗೆಲ್ಲ ಕೇಳೋ ಹಾಗೆ ಹೇಳಿದರು. ನಾನು ಗುರುತು ನೋಡಿ, ಎಡ ಎಡಕ್ಕೆ, ಬಲ ಬಲಕ್ಕೆ ಹಾಕಿಕೊಂಡೆ.

ಹಾರ್ಮೋನಿಯಂ ಬಂತು. ಆಮೇಲೆ ನನ್ನ ದನಿ. ಅದು ನಡುವೆ ಇರಲಿಲ್ಲ. ಪೂರ್ತಿ ಎಡಗಡೆಗೆ, ಕಿವಿಯ ಅಂಚಿಗೆ ಹೋಗಿ ನಿಂತಿತ್ತು. ಕೇಳಿಸದ ಕಿವಿಯಲ್ಲಿ ನನ್ನನ್ನ ಕೇಳಿಸಿಕೊಳ್ಳೋಕೆ ಅವರು ಇಡೀ ದನಿಯನ್ನ ಎತ್ತಿಕೊಂಡು ಹೋಗಿ ಅಲ್ಲಿ ಇಟ್ಟಿದ್ದರು. ಲೋಕಕ್ಕೆಲ್ಲ ತಪ್ಪು. ಅವರಿಗೆ ಅಷ್ಟು ಎಡಕ್ಕೆ ಇಟ್ಟರೇ ಅದು ಹಣೆಗೆ ಬರ್ತಿತ್ತು.

ಅವರು ನನ್ನ ಎದುರಿಗೆ ಕೂತು ನನ್ನ ಮುಖವನ್ನೇ ನೋಡ್ತಿದ್ದರು. ತಮ್ಮ ಹಣೆಯ ವಿಭೂತಿ ಮೇಲೆ ಬೆರಳಿಟ್ಟು, ಇಲ್ಲೇನಾ? ಅಂತ ಹುಬ್ಬೆತ್ತಿದರು.

ಸುಳ್ಳು ಹೇಳಿದರೆ ನನ್ನ ಮುಖ ಹೇಳಿಬಿಡುತ್ತೆ, ಅವರಿಗೆ ನನ್ನ ಮುಖ ಓದೋದು ಅಭ್ಯಾಸ ಆಗಿತ್ತು. ಓಲೆ ಒತ್ತುತ್ತಿದೆ ಅನ್ನೋ ಹಾಗೆ ಮಾಡಿ, ಎಡಗಡೆಯ ದಿಂಬನ್ನ ಕಿವಿಯಿಂದ ಹಿಂದಕ್ಕೆ ಸರಿಸಿದೆ. ಇನ್ನೂ ಸ್ವಲ್ಪ ಸರಿಸಿದೆ. ಅಂಚಿನಲ್ಲಿ ನಿಂತಿದ್ದ ನನ್ನ ದನಿ ನಿಧಾನಕ್ಕೆ ನಡಕೊಂಡು ಬಂದು ನನ್ನ ಕುಂಕುಮದ ಜಾಗದಲ್ಲಿ ನಿಂತಿತು. ಅವರು ಕೇಳಿದ್ದು ಹೀಗೆ. ಇಷ್ಟು ವರ್ಷ ಆದ ಮೇಲೆ ನನಗೂ ಹಾಗೇ ಕೇಳಿಸಿತು. ನಾನು ಹಣೆಯ ನಡುವೆ ಬೆರಳಿಟ್ಟು ತೋರಿಸಿದೆ.

"ಅಲ್ಲೇ ಇದೆಯಾ?"

"ಇಲ್ಲೇ ಇದೆ ಕಣ್ರೀ" ಅಂದೆ, ಅವರಿಗೆ ತುಟಿ ಕಾಣೋ ಹಾಗೆ.

ಅವರು ಕಣ್ಣೊರೆಸಿಕೊಂಡು ಕಡ್ಡಿಪೆಟ್ಟಿಗೆ ಎತ್ತಿಕೊಂಡರು. ಹೆಡ್‌ಫೋನ್ ತೆಗೆಯೋಕೆ ಹೋದ ನನ್ನನ್ನ ಕೈ ಹಿಡಿದು ತಡೆದು, "ಪೂರ್ತಿ ಕೇಳು" ಅಂದರು. ನಾನು ಎಡಗಡೆಯ ದಿಂಬನ್ನ ಹಾಗೇ ಹಿಡಿದುಕೊಂಡು, ಪದ ಮುಗಿಯೋವರೆಗೂ ಕೇಳಿದೆ.